ವೇಷ ಕಟ್ಟಿದ ಅಹವಾಲು

ತೆಂಗಿನ ಸೀಮೆಯ ಹಳ್ಳಿಗಳಿಗೆ ವೇಷ ಕಟ್ಟುವುದು ಹೊಸ ವಿದ್ಯೆಯಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಿನಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಹಾರ್ಮೋನಿಯಂ ಮೇಷ್ಟ್ರ ಸುತ್ತ ಊರಿನ ಪಾತ್ರಧಾರಿಗಳು ನೆರೆಯುತ್ತಾರೆ; ಬಾಡಿಗೆಯ ಸೀನರಿ, ಬಾಡಿಗೆಯ ಕಿರೀಟಗಳು ಬಂದಿಳಿಯುತ್ತವೆ; ಹಗಲೆಲ್ಲ ತೋಟದಲ್ಲಿ ಗುದ್ದಲಿ ಹಿಡಿದವನು ಇರುಳು ದುರ್ಯೋಧನನಾಗಿ ಗದೆಯೆತ್ತುತ್ತಾನೆ. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಯಸಂದ್ರವೂ ಈ ಸೀಮೆಗೆ ಸೇರಿದುದೇ. ಇಂತಹ ನೆಲದ ರೈತನು ಸರ್ಕಾರದ ಬಾಗಿಲಿಗೆ ತನ್ನ ದೂರನ್ನು ಒಯ್ಯುವಾಗ ಬರಿಯ ಅರ್ಜಿಯೊಡನೆ ಹೋಗದೆ ತಮಟೆ, ಚಟ್ಟ, ಶಾಲುಗಳೊಡನೆ ಹೋದರೆ ಆಶ್ಚರ್ಯವೇನು?

ಅವನ ದೂರಾದರೂ ಸಣ್ಣದಲ್ಲ. ತಿಪಟೂರಿನ ಪೇಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಒಂದು ದಿನದಲ್ಲಿ ಆಗುವ ಪದಾರ್ಥವಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೇರಿಸಿ, ಒಳಗಿನ ನೀರು ತಾನಾಗಿ ಇಂಗುವವರೆಗೆ ಹತ್ತು-ಹನ್ನೆರಡು ತಿಂಗಳು ಕಾಯಬೇಕು. ವರ್ಷವಿಡೀ ಕಾದು ಪೇಟೆಗೆ ಹೋದ ದಿನ ಬೆಲೆ ಕುಸಿದಿದ್ದರೆ ಆ ನಷ್ಟಕ್ಕೆ ಮದ್ದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಪಡಿಸಿತ್ತು; ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು.

ಬೆಲೆ ಬಿದ್ದಾಗ ಬೆಳೆಗಾರರು ಕಾಯಿಯನ್ನು ಬೀದಿಗೆ ಸುರಿಯುತ್ತಾರೆ. ಪಟ್ಟಣದವರ ಕಣ್ಣಿಗೆ ಅದು ಸಂಚಾರಕ್ಕೆ ಅಡಚಣೆ, ಅಷ್ಟೆ. ಆದರೆ ಕಲಶದ ಮೇಲೆ ಕೂರುವ ಕಾಯಿ, ಮಡಿಲು ತುಂಬುವ ಕಾಯಿ ಕಾಲ್ದೂಳಿಗೆ ಬಿದ್ದುದನ್ನು ಕಂಡಾಗ ಹಳ್ಳಿಯವನಿಗೆ ಆಗುವ ಕಳವಳವನ್ನು ಯಾವ ಅರ್ಜಿಯೂ ಬರೆದು ಹೇಳಲಾರದು. ಅಣಕು ಶವಯಾತ್ರೆಯ ಮಾತೂ ಹೀಗೆಯೇ. ಹುಲ್ಲಿನ ಬೊಂಬೆಗೆ ಪಂಚೆ ಸುತ್ತಿ, ಬಿದಿರ ಚಟ್ಟದ ಮೇಲೆ ಮಲಗಿಸಿ, ಮುಂದೊಬ್ಬನ ಕೈಗೆ ಬೆಂಕಿಯ ಮಡಕೆಯನ್ನು ಕೊಟ್ಟು, ತಮಟೆಯ ಬಡಿತಕ್ಕೆ ಬಾಯಿ ಬಡಿದುಕೊಳ್ಳುತ್ತ ಕಚೇರಿಯವರೆಗೆ ನಡೆಯುವುದು ಮೇಲ್ನೋಟಕ್ಕೆ ನಗೆಯಾಟ. ಆದರೆ ಬದುಕಿರುವ ಅಧಿಕಾರಸ್ಥನಿಗೆ ಸಾವಿನ ಸಂಸ್ಕಾರವನ್ನು ಮಾಡುವುದೆಂದರೆ, ನಮ್ಮ ಪಾಲಿಗೆ ನೀನಿಲ್ಲ ಎಂದು ಊರೆದುರಿಗೆ ಸಾರಿದಂತೆ. ಹಳ್ಳಿಯ ಬೈಗುಳಗಳಲ್ಲಿ ಇದಕ್ಕಿಂತ ಕಠಿನವಾದುದಿಲ್ಲ.

ಪಾತ್ರದ ಮರೆಯಲ್ಲಿ ಪ್ರಭುತ್ವವನ್ನು ಚುಚ್ಚುವುದು ಹಳೆಯ ಉಪಾಯ. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು ಮರಾಠಿಯಲ್ಲಿ ರಚಿಸಿದ ‘ಕೀಚಕ ವಧ’ ನಾಟಕವು 1907ರಲ್ಲಿ ರಂಗವೇರಿದಾಗ, ಕೀಚಕನ ವೇಷದೊಳಗೆ ವೈಸ್‌ರಾಯ್ ಕರ್ಜನ್ನನನ್ನು ಪ್ರೇಕ್ಷಕರು ಗುರುತಿಸಿದರು. 1910ರಲ್ಲಿ ಬ್ರಿಟಿಷ್ ಸರ್ಕಾರವು ಆ ನಾಟಕವನ್ನೇ ನಿಷೇಧಿಸಿತು. ದೂರದ ವೇಲ್ಸ್ ದೇಶದಲ್ಲಿ 1839ರಿಂದ 1843ರವರೆಗೆ ರೈತರು ಹೆಂಗಸರ ಉಡುಪು ತೊಟ್ಟು ಸುಂಕದ ಕಟ್ಟೆಗಳನ್ನು ಮುರಿದರಂತೆ! ನಮ್ಮ ಸ್ತ್ರೀಪಾತ್ರಧಾರಿಗಳು ಇದನ್ನು ಕೇಳಿದರೆ ಮೀಸೆಯಲ್ಲೇ ನಕ್ಕಾರು. ಇನ್ನು 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧೀಜಿಯವರು ತುಂಡು ಪಂಚೆಗಿಳಿದುದು ಎಲ್ಲರೂ ಬಲ್ಲ ಸಂಗತಿ. ಅದು ವೇಷವೆಂದು ತೊಟ್ಟುದಲ್ಲ, ಮತ್ತೆ ಕಳಚಿದುದೂ ಇಲ್ಲ. ಆ ಕಾರಣದಿಂದಲೇ ಅದಕ್ಕೆ ಅಷ್ಟು ಬಲ.

ಕನ್ನಡ ನಾಡಿನಲ್ಲಿ ಈ ಬಗೆಯ ಬಲವನ್ನು ಪಡೆದ ವಸ್ತ್ರವೆಂದರೆ ಹಸಿರು ಶಾಲು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ಅದೇ ವರ್ಷ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ರಾಜ್ಯ ರೈತ ಸಂಘವು ರೂಪುಗೊಂಡಿತು; ಹಸಿರು ಶಾಲು ಅದರ ಗುರುತಾಯಿತು. ಶಾಲೆಂಬುದು ನಮ್ಮಲ್ಲಿ ಮರ್ಯಾದೆಯ ವಸ್ತ್ರ. ತುಂಬಿದ ಸಭೆಯಲ್ಲಿ ಬೇರೆಯವರು ಹೊದಿಸಬೇಕಾದುದು. ಯಾರೂ ಹೊದಿಸದ ಮರ್ಯಾದೆಯನ್ನು ರೈತನು ತಾನೇ ಹೆಗಲಿಗೇರಿಸಿಕೊಂಡನು. ತಾಲ್ಲೂಕು ಕಚೇರಿಯ ಜವಾನನೂ ಗದರಿಸುತ್ತಿದ್ದ ಮನುಷ್ಯನಿಗೆ ಕುರ್ಚಿ ತೋರಿಸಬೇಕಾಯಿತು. ಬಟ್ಟೆಗೆ ಬೆಲೆ ಬಂದೊಡನೆ ಅದನ್ನು ಬಯಸುವವರೂ ಹುಟ್ಟುತ್ತಾರೆ. 2018ರ ಮೇ 17ರಂದು ಬಿ. ಎಸ್. ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ದೇವರ ಮತ್ತು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ಸರ್ಕಾರ ಬಾಳಿದುದು ಎರಡೇ ದಿನ ಎಂಬುದು ಬೇರೆ ಮಾತು.

ವಿನೋದದ ದಾರಿ ಹಿಡಿದವರಲ್ಲಿ ವಾಟಾಳ್ ನಾಗರಾಜರನ್ನು ಮೀರಿಸಿದವರಿಲ್ಲ. ಕಪ್ಪು ಕನ್ನಡಕ, ತುಪ್ಪುಳಿನ ಟೋಪಿ, ಜೊತೆಗೆ ಕತ್ತೆಯೋ ಎಮ್ಮೆಯೋ! ಪತ್ರಿಕೆಗಳಿಗೆ ಚಿತ್ರ ಸಿಕ್ಕಿತು, ಜನಕ್ಕೆ ನಗು ಸಿಕ್ಕಿತು. ಆದರೆ ನಗು ಮುಗಿದ ಮೇಲೆ ಬೇಡಿಕೆ ಯಾವುದಿತ್ತೆಂದು ನೆನಪಿಟ್ಟವರು ಕಡಿಮೆ. ವೇಷವು ವಿಷಯವನ್ನು ನುಂಗುವ ಅಪಾಯ ಇಲ್ಲಿದೆ. ಅದಕ್ಕೆ ಹೋಲಿಸಿದರೆ 1975ರಲ್ಲಿ ಆರಂಭವಾದ ‘ಸಮುದಾಯ’ ತಂಡದ ಹಾದಿ ಬೇರೆ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ಅದರ ‘ಬೆಲ್ಚಿ’ ಬೀದಿನಾಟಕಕ್ಕೆ ಪರದೆಯೂ ಬೇಕಿರಲಿಲ್ಲ, ಕಿರೀಟವೂ ಬೇಕಿರಲಿಲ್ಲ. ಜನರು ನಿಂತ ಜಾಗವೇ ರಂಗಸ್ಥಳ.

ಇದೆಲ್ಲ ಆಟವೆಂದು ತಿಳಿಯುವವರು ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲನ್ನು ನೆನೆಯಬೇಕು. ‘ಸಂಸ್ಕಾರ’ ಚಿತ್ರದ ನಟಿ, ರಂಗಕರ್ಮಿ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅಲ್ಲಿ ಸೆರೆಯಲ್ಲಿದ್ದರು. ಆಸ್ತಮಾದಿಂದ ಜರ್ಜರಿತರಾಗಿ ಹೊರಬಂದ ಅವರು 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲೇ ಮುಂದೆ ಫ್ರೀಡಂ ಪಾರ್ಕ್ ಆಗಿ, ರಾಜಧಾನಿಯ ಪ್ರತಿಭಟನೆಗಳಿಗೆ ಮೀಸಲಾದ ಸ್ಥಳವಾಯಿತು.

ತೆಂಗಿನ ರೈತನಿಗೂ ಇಂತಹುದೇ ಅನುಭವ. ನುಸಿ ಪೀಡೆಯಿಂದ ಫಸಲು ನೆಲಕಚ್ಚಿದಾಗ ನೀರಾ ಇಳಿಸಲು ಅನುಮತಿ ಬೇಕೆಂದು ಹೋರಾಟ ನಡೆಯಿತು. ಕಾನೂನನ್ನು ಮೀರಿ ಮರವೇರಿ ನೀರಾ ಇಳಿಸುವುದೇ ಸತ್ಯಾಗ್ರಹವಾಯಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ದಶಕಕ್ಕೂ ಮೀರಿದ ಕಾಲ ಕಳೆದ ಮೇಲೆ ಸರ್ಕಾರವೇ ನಿಯಮಗಳನ್ನು ರಚಿಸಿ ನೀರಾ ಇಳಿಸಲು ಒಪ್ಪಿಗೆಯಿತ್ತಿತು.