ಬಿರುಗಾಳಿಗಿಂತ ದಿಕ್ಕು ದೊಡ್ಡದು

ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಕಡಲತೀರ ಕೈಟ್‌ಸರ್ಫಿಂಗ್‌ಗೆ, ಅಂದರೆ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟಕ್ಕೆ, ಹೆಸರಾದದ್ದು. ಗಾಳಿ ಜೋರಾದಷ್ಟೂ ಆಟ ಚೆನ್ನ ಎಂಬುದು ನೋಡುಗರ ಎಣಿಕೆ. ಆದರೆ ಇಲ್ಲಿ ವೇಗಕ್ಕಿಂತ ದಿಕ್ಕೇ ಮುಖ್ಯ. ಬೇಸಿಗೆಯಲ್ಲಿ ನೆಲ ಕಾದಾಗ ಪೋರ್ಟ್ ಫಿಲಿಪ್ ಕೊಲ್ಲಿಯಿಂದ ಬೀಸುವ ದಕ್ಷಿಣದ ಗಾಳಿ ತೆರೆದ ನೀರಿನ ಮೇಲೆ ಹಾದು ಬರುವುದರಿಂದ ಬಹುಪಾಲು ಒಂದೇ ಸಮನಾಗಿರುತ್ತದೆ. ಪಟ ನೀರಿಗೆ ಬಿದ್ದರೂ ಆ ಗಾಳಿ ಸವಾರನನ್ನು ದಡದತ್ತ ತಳ್ಳುತ್ತದೆ. ಒಳನಾಡಿನ ಬಿಸಿಯಾದ ಉತ್ತರದ ಗಾಳಿ ಇನ್ನೂ ಬಿರುಸಾಗಿರಬಹುದು. ಅದು ಕಟ್ಟಡಗಳಿಗೆ ಬಡಿದು ಏರಿಳಿಯುತ್ತ, ಸೋತವನನ್ನು ಕೊಲ್ಲಿಯ ನಡುವಿಗೆ ಒಯ್ಯುತ್ತದೆ.

ಪಳಗಿದವರು ಚಿಕ್ಕ ಪಟ ಹಿಡಿದರೆ ಸಾಲದೇ ಎಂದು ಕೇಳಬಹುದು. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ಸುಮಾರು ನಾಲ್ಕು ಪಟ್ಟಾಗುವುದರಿಂದ ಆ ಜಾಣತನ ಅಗತ್ಯವೇ. ಆದರೆ ಚಿಕ್ಕ ಪಟ ಎಳೆತವನ್ನು ತಗ್ಗಿಸೀತು, ದಿಕ್ಕನ್ನು ಬದಲಿಸದು. ಹಾಗಾಗಿ ಹವಾಮಾನ ವರದಿಯಲ್ಲಿ ಮೊದಲು ಓದಬೇಕಾದದ್ದು ವೇಗದ ಅಂಕಿಯನ್ನಲ್ಲ, ಗಾಳಿ ಬರುವ ದಿಕ್ಕನ್ನು.