ನಗೆಗೂ ಪರವಾನಗಿ

ಅಮೆರಿಕದ ವ್ಯಂಗ್ಯಚಿತ್ರಕಾರ ಮಾರ್ಕ್ ಫಿಯೋರ್ ತಮ್ಮ ಚಿತ್ರಗಳ ಆ್ಯಪ್ ಒಂದನ್ನು ಐಫೋನ್‌ಗಾಗಿ ಸಿದ್ಧಪಡಿಸಿದ್ದರು. 2009ರ ಡಿಸೆಂಬರ್‌ನಲ್ಲಿ ಆ್ಯಪಲ್ ಕಂಪೆನಿ ಅದನ್ನು ತಿರಸ್ಕರಿಸಿತು. ಸಾರ್ವಜನಿಕ ವ್ಯಕ್ತಿಗಳನ್ನು ಅಪಹಾಸ್ಯ ಮಾಡುತ್ತದೆ ಎಂಬುದು ಕಾರಣ. ವ್ಯಂಗ್ಯಚಿತ್ರಕಾರ ಮತ್ತೇನು ಮಾಡಬೇಕು? 2010ರ ಏಪ್ರಿಲ್‌ನಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಸುದ್ದಿ ಹರಡಿದೊಡನೆ, ಮತ್ತೆ ಸಲ್ಲಿಸಿರೆಂದು ಕಂಪೆನಿಯೇ ಕೇಳಿಕೊಂಡು ಅನುಮತಿ ನೀಡಿತು.

ಸರ್ಕಾರಿ ಸೇವೆಯಲ್ಲಿ ನಾನೂ ಎಷ್ಟೋ ಅರ್ಜಿಗಳನ್ನು ತಿರಸ್ಕರಿಸಿದ್ದೇನೆ. ಆದರೆ ನನ್ನ ಆದೇಶವನ್ನು ನ್ಯಾಯಾಲಯ ರದ್ದುಪಡಿಸಬಹುದಿತ್ತು. ಒಮ್ಮೆ ರದ್ದುಪಡಿಸಿತು ಕೂಡ (ಅಂದು ಸಿಟ್ಟು ಬಂದದ್ದು ನಿಜ). ಇಲ್ಲಿಯಾದರೋ ನಿಯಮ ಬರೆಯುವವರು, ಅರ್ಜಿ ಪರಿಶೀಲಿಸುವವರು, ಮೇಲ್ಮನವಿ ಕೇಳುವವರು ಎಲ್ಲರೂ ಅಂಗಡಿಯವರೇ. 2010ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ನಿಯಮಾವಳಿಯು ‘ವೃತ್ತಿಪರ’ ರಾಜಕೀಯ ವಿಡಂಬನಕಾರರಿಗೆ ವಿನಾಯಿತಿ ನೀಡಿತು. ವೃತ್ತಿಪರರು ಯಾರೆಂದು ತೀರ್ಮಾನಿಸುವವರೂ ಅವರೇ. ಕಾಲೇಜಿನ ಗೋಡೆಪತ್ರಿಕೆಗೆ ಮಂತ್ರಿಯ ಮೂಗನ್ನು ಉದ್ದ ಮಾಡಿ ಬರೆಯುವ ಹುಡುಗ ಯಾವ ಪ್ರಮಾಣಪತ್ರ ಲಗತ್ತಿಸಬೇಕು?