ಘಟ್ಟದ ಚಳಿಯೂ ಟೈರಿನ ಹಳದಿ ದೀಪವೂ

ಹುತ್ತರಿ ಕಳೆದು ಚಳಿ ಬಲಿಯುತ್ತಿದ್ದಂತೆ ಮಡಿಕೇರಿ ಸುತ್ತಮುತ್ತ ಹೊಸ ಕಾರಿನವರ ಬಾಯಲ್ಲಿ ಒಂದು ದೂರು ಶುರುವಾಗುತ್ತದೆ. ಬೆಳಿಗ್ಗೆ ಗಾಡಿ ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ: ತಳ ಚಪ್ಪಟೆಯಾದ ಟೈರಿನ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಇಳಿದು ನೋಡಿದರೆ ನಾಲ್ಕೂ ಟೈರು ಸರಿಯಾಗಿಯೇ ಕಾಣುತ್ತವೆ. ಸುಂಟಿಕೊಪ್ಪ ದಾಟುವಷ್ಟರಲ್ಲಿ ದೀಪ ತಾನಾಗಿ ಆರಿರುತ್ತದೆ. ವರ್ಕ್‌ಶಾಪಿಗೆ ಒಯ್ದರೆ ಅಲ್ಲಿ ಯಾವ ದೋಷವೂ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ನಾಲ್ಕಾರು ಸಲ ಹೀಗಾದ ಮೇಲೆ ಚಾಲಕರು ದೀಪದತ್ತ ನೋಡುವುದನ್ನೇ ಬಿಡುತ್ತಾರೆ. ನನಗೆ ಕಳವಳವಾಗುವುದು ಇಲ್ಲಿ. ಆ ದೀಪ ಸುಳ್ಳು ಹೇಳುತ್ತಿಲ್ಲ. ಅದು ಹೇಳುವುದರಲ್ಲಿ ಅರ್ಧವನ್ನು ನಮಗೆ ಯಾರೂ ವಿವರಿಸಿಲ್ಲ, ಅಷ್ಟೆ.

ಟೈರಿನ ಗಾಳಿಯ ಒತ್ತಡವನ್ನು ಕಾಯುವ ಈ ವ್ಯವಸ್ಥೆಗೆ ಟಿಪಿಎಂಎಸ್ ಎಂದು ಹೆಸರು. 1986ರಲ್ಲಿ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿ ಮೊದಲು ಬಂತು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುತ್ತಿರುವಾಗಲೇ ಕಳಚಿ ಅನೇಕರು ಸತ್ತ ಪ್ರಕರಣದ ನಂತರ, 2000ದಲ್ಲಿ ಅಲ್ಲಿ ಕಾನೂನಾಯಿತು; 2007ರ ಹೊತ್ತಿಗೆ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಯುರೋಪು 2014ರಲ್ಲಿ ಅದೇ ಹಾದಿ ಹಿಡಿಯಿತು. ನಿಗದಿತ ಒತ್ತಡಕ್ಕಿಂತ ಶೇ 25ರಷ್ಟು ಕಡಿಮೆಯಾದಾಗ ದೀಪ ಹತ್ತಬೇಕು ಎಂಬುದು ಅಮೆರಿಕದ ಅಳತೆ, ಶೇ 20 ಎಂಬುದು ಯುರೋಪಿನದು.

ಈಗ ಘಟ್ಟಕ್ಕೆ ಬರೋಣ. ಮುಚ್ಚಿದ ಪಾತ್ರೆಯಲ್ಲಿರುವ ಗಾಳಿ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ. ಫ್ರಾನ್ಸಿನ ಗಿಯೋಮ್ ಅಮೊಂತೊನ್ ಮುನ್ನೂರು ವರ್ಷಗಳ ಹಿಂದೆಯೇ ಇದನ್ನು ಗುರುತಿಸಿದ್ದ. ಕಾರಿನ ಟೈರಿನ ಮಟ್ಟಿಗೆ ಲೆಕ್ಕ ಹಾಕಿದರೆ, ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದಾಗ 1 ಪಿಎಸ್‌ಐ ಕಡಿಮೆಯಾಗುತ್ತದೆ. ಒಂದೇ ಒಂದು ಕಣ ಗಾಳಿಯೂ ಹೊರಹೋಗಿರುವುದಿಲ್ಲ. ಒಳಗಿನ ಅಣುಗಳ ಓಟ ನಿಧಾನವಾಗಿ, ಟೈರಿನ ಗೋಡೆಗೆ ಬೀಳುವ ಹೊಡೆತ ಮೆತ್ತಗಾಗಿರುತ್ತದೆ.

ಮೈಸೂರಿನಿಂದ ಮಧ್ಯಾಹ್ನದ ಬಿಸಿಲಲ್ಲಿ ಬಂದ ಕಾರೊಂದು ಕುಶಾಲನಗರದ ಬಂಕಿನಲ್ಲಿ ಗಾಳಿ ತುಂಬಿಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಹೆದ್ದಾರಿಯ ಓಟಕ್ಕೆ ಟೈರಿನೊಳಗಿನ ಗಾಳಿ 50 ಡಿಗ್ರಿಗೆ ಬಿಸಿಯಾಗಿದೆ. ಹುಡುಗ ಮೀಟರ್ ನೋಡಿ ಸರಿಯಾಗಿ 33 ಪಿಎಸ್‌ಐ ಹಾಕುತ್ತಾನೆ. ರಾತ್ರಿ ಕಾರು ಮಡಿಕೇರಿಯ ಮನೆಯಂಗಳದಲ್ಲಿ ನಿಲ್ಲುತ್ತದೆ. ಮುಂಜಾನೆ 12 ಡಿಗ್ರಿ. ಲೆಕ್ಕದ ಪ್ರಕಾರ ಈಗ ಟೈರಿನಲ್ಲಿ ಉಳಿದಿರುವುದು 28 ಪಿಎಸ್‌ಐ ಮಾತ್ರ. ಯಾರೂ ಮೋಸ ಮಾಡಿಲ್ಲ, ಎಲ್ಲೂ ಮೊಳೆ ಹೊಕ್ಕಿಲ್ಲ. ಹುಡುಗ ಹಾಕಿದ್ದು ಬಿಸಿ ಟೈರಿಗೆ; ಬಾಗಿಲ ಪಕ್ಕದ ಚೀಟಿಯಲ್ಲಿ ಕಂಪನಿ ಬರೆದಿರುವುದು ತಣ್ಣಗಿನ ಟೈರಿನ ಲೆಕ್ಕ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ದೀಪ ಹತ್ತುತ್ತಿರಲಿಲ್ಲ, ಏಕೆಂದರೆ 33ರಲ್ಲಿ ಶೇ 20 ಕಳೆದರೆ 26 ಚಿಲ್ಲರೆ ಬರುತ್ತದೆ. ಎತ್ತರ ಒಳಬರುವುದು ಇಲ್ಲೇ. 1648ರಲ್ಲಿ ಬ್ಲೇಸ್ ಪಾಸ್ಕಲ್ ತನ್ನ ಭಾವ ಫ್ಲೋರಾಂ ಪೆರಿಯೆಯಿಂದ ಪಾದರಸದ ಕೊಳವೆಯೊಂದನ್ನು ಪ್ಯುಯಿ ದ ದೋಮ್ ಬೆಟ್ಟಕ್ಕೆ ಹೊರಿಸಿದ. ಮೇಲೇರಿದಂತೆ ಪಾದರಸ ಕೆಳಗಿಳಿಯಿತು: ನಮ್ಮ ತಲೆಯ ಮೇಲಿನ ವಾಯುಮಂಡಲದ ಭಾರ ಎತ್ತರದಲ್ಲಿ ಕಡಿಮೆ. ಸಂಪಾಜೆ ಘಾಟಿ ಹತ್ತುವ ಪ್ರತಿ ಕಾರೂ ಅದೇ ಪ್ರಯೋಗವನ್ನು ಮಾಡುತ್ತಿರುತ್ತದೆ. ಮಂಗಳೂರಿನ ಕಡಲತಡಿಯಲ್ಲಿ ವಾಯುಮಂಡಲದ ಒತ್ತಡ 14.7 ಪಿಎಸ್‌ಐ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 12.8ರ ಆಸುಪಾಸು. ಎರಡು ಪಿಎಸ್‌ಐಗೆ ಹತ್ತಿರದ ವ್ಯತ್ಯಾಸ.

ಬಂಕಿನ ಮೀಟರ್ ಅಳೆಯುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ಅಂತರವನ್ನು. ಚಕ್ರದೊಳಗೆ ಕೂತ ಸೆನ್ಸರಿಗೆ ಹೊರಗಿನ ಗಾಳಿ ಸೋಕುವುದೇ ಇಲ್ಲ. ಹೀಗಾಗಿ ಅಂಥ ಬಹುಪಾಲು ಸೆನ್ಸರುಗಳು ಒಳಗಿನ ಒಟ್ಟು ಒತ್ತಡವನ್ನು ಅಳೆಯುತ್ತವೆ. ಅದರಲ್ಲಿ ಹೊರಗಿನದನ್ನು ಕಳೆಯುವ ಕೆಲಸ ಕಾರಿನ ಕಂಪ್ಯೂಟರಿನದು. ಕೆಲವು ಕಾರುಗಳು ಆಯಾ ಊರಿನ ವಾಯುಒತ್ತಡವನ್ನು ತಿಳಿದು ಕಳೆಯುತ್ತವೆ. ಇನ್ನು ಕೆಲವು ಎಲ್ಲಿದ್ದರೂ ಸಮುದ್ರಮಟ್ಟದ 14.7ನ್ನೇ ಕಳೆಯುತ್ತವೆ. ಈ ಎರಡನೆಯ ಬಗೆಯ ಕಾರಿಗೆ ಮಡಿಕೇರಿಯೂ ಮಂಗಳೂರೂ ಒಂದೇ. ಕುಶಾಲನಗರದಲ್ಲಿ ತುಂಬಿಸಿದ ಆ ಟೈರು ಬಂಕಿನ ಮೀಟರಿಗೆ 28 ಎಂದು ತೋರಿದರೆ, ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ 26 ಎಂದು ಬರುತ್ತದೆ. ಶೇ 20ರ ಗೆರೆ ದಾಟಿತು, ದೀಪ ಹತ್ತಿತು. ಹತ್ತು ಹದಿನೈದು ಕಿಲೋಮೀಟರ್ ಓಡಿ ಟೈರು ಬಿಸಿಯಾದೊಡನೆ ಒತ್ತಡ ಏರಿತು, ದೀಪ ಆರಿತು.

ಘಟ್ಟದ ಕೆಳಗಿನಿಂದ ಬರುವವರಿಗೆ ಇದೇ ಭೌತಶಾಸ್ತ್ರ ಬೇರೆ ಮುಖ ತೋರಿಸುತ್ತದೆ. ಮಂಗಳೂರಿನ 32 ಡಿಗ್ರಿಯಲ್ಲಿ ತಣ್ಣಗಿನ ಟೈರಿಗೆ 33 ತುಂಬಿಸಿ ಬಂದವರು ಮಡಿಕೇರಿಯ 14 ಡಿಗ್ರಿಯ ಮುಂಜಾನೆ ಕೈಮೀಟರಿನಲ್ಲಿ ನೋಡಿದರೆ 32 ಇರುತ್ತದೆ. ಚಳಿ ಇಳಿಸಿದ್ದನ್ನು ಎತ್ತರ ಹೆಚ್ಚುಕಡಿಮೆ ತುಂಬಿಕೊಟ್ಟಿರುತ್ತದೆ. ಪ್ರಕೃತಿ ಇಷ್ಟು ಚೆನ್ನಾಗಿ ಸರಿದೂಗಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೆರಗಾಗುತ್ತದೆ. ಆದರೆ ಎತ್ತರ ಅರಿಯದ ಡ್ಯಾಶ್‌ಬೋರ್ಡು 30 ಎನ್ನುತ್ತದೆ. ಅದನ್ನು ನಂಬಿ 33 ಬರುವ ತನಕ ತುಂಬಿಸಿ ಮತ್ತೆ ಕರಾವಳಿಗೆ ಇಳಿದರೆ, ನಿಂತ ಟೈರಿನಲ್ಲೇ 36 ಇರುತ್ತದೆ. ಓಟದ ಬಿಸಿಗೆ ಇನ್ನೂ ಏರುತ್ತದೆ. ಅತಿಯಾಗಿ ಉಬ್ಬಿದ ಟೈರು ನೆಲವನ್ನು ನಡುವಿನ ಪಟ್ಟಿಯಲ್ಲಷ್ಟೇ ಹಿಡಿಯುತ್ತದೆ, ಮಳೆಯ ಇಳಿಜಾರಿನಲ್ಲಿ ಬ್ರೇಕು ಒತ್ತುವಾಗ ಬೇಕಾದ ಹಿಡಿತ ಕಡಿಮೆಯಾಗುತ್ತದೆ.

ಒತ್ತಡದ ಈ ಏರಿಳಿತಕ್ಕೆ ಪರಿಹಾರವೆಂದು ನೈಟ್ರೋಜನ್ ತುಂಬಿಸಿಕೊಳ್ಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ, ಚಳಿಗೆ ಅದೂ ಅಷ್ಟೇ ಕುಗ್ಗುತ್ತದೆ. ಅದರಲ್ಲಿ ತೇವ ಇರುವುದಿಲ್ಲ, ರಬ್ಬರಿನ ಮೂಲಕ ಆಮ್ಲಜನಕಕ್ಕಿಂತ ನಿಧಾನವಾಗಿ ಸೋರುತ್ತದೆ ಎಂಬ ಎರಡು ಲಾಭ ನಿಜ. ಮುಂಜಾನೆಯ ದೀಪಕ್ಕೆ ಮಾತ್ರ ಅದು ಮದ್ದಲ್ಲ.

ಎಲ್ಲ ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರ್ ಇರುವುದಿಲ್ಲ. ಕಡಿಮೆ ಖರ್ಚಿನ ಇನ್ನೊಂದು ವಿಧಾನದಲ್ಲಿ ಎಬಿಎಸ್ ಬ್ರೇಕಿಗಾಗಿ ಇರುವ ವೇಗಮಾಪಕಗಳೇ ಟೈರನ್ನೂ ಕಾಯುತ್ತವೆ. ಗಾಳಿ ಕಡಿಮೆಯಾದ ಚಕ್ರದ ತ್ರಿಜ್ಯ ಕೂದಲೆಳೆಯಷ್ಟು ಕುಗ್ಗಿ, ಅದು ಉಳಿದ ಮೂರಕ್ಕಿಂತ ತುಸು ಬೇಗ ಸುತ್ತುತ್ತದೆ. ಆ ವ್ಯತ್ಯಾಸ ಸಾಮಾನ್ಯವಾಗಿ ಶೇ 1ಕ್ಕೂ ಕಡಿಮೆ. ಮಾಕುಟ್ಟ ಘಾಟಿಯಂಥ ದಾರಿಯಲ್ಲಿ 15 ಮೀಟರ್ ತ್ರಿಜ್ಯದ ತಿರುವೊಂದು ಬಂದರೆ ಒಳಚಕ್ರಕ್ಕೂ ಹೊರಚಕ್ರಕ್ಕೂ ವೇಗದಲ್ಲಿ ಶೇ 10ರಷ್ಟು ಅಂತರ ತಾನಾಗಿ ಬರುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳುವಂಥ ಕೆಲಸ ಅದು. ಆದ್ದರಿಂದ ತಂತ್ರಾಂಶ ತಿರುವುಗಳ ಮಾಹಿತಿಯನ್ನು ಬದಿಗಿಟ್ಟು ನೇರ ರಸ್ತೆಗಾಗಿ ಕಾಯುತ್ತದೆ. ಕೊಡಗಿನಲ್ಲಿ ನೇರ ರಸ್ತೆ ಎಷ್ಟಿದೆ? ತೋಟದ ಕೆಸರುದಾರಿಯಲ್ಲಿ ಚಕ್ರ ಜಾರುವುದೂ ಸೇರಿದರೆ, ನಿಜವಾದ ಪಂಕ್ಚರು ಗೊತ್ತಾಗುವುದು ಇನ್ನೂ ತಡ. ಮೇಲಾಗಿ, ಈ ವಿಧಾನದ ಸರಳ ರೂಪ ಒಂದು ಚಕ್ರವನ್ನು ಇನ್ನೊಂದರೊಡನೆ ಹೋಲಿಸುತ್ತದೆ. ತಿಂಗಳಿಗೆ ಒಂದು ಪಿಎಸ್‌ಐನಂತೆ ನಾಲ್ಕೂ ಸಮನಾಗಿ ಇಳಿದರೆ ಅದು ಸುಮ್ಮನಿರುತ್ತದೆ. ಚಳಿಗೆ ಕಿರಿಕಿರಿ ಮಾಡುವುದಿಲ್ಲ ಎಂದು ಅದನ್ನು ಮೆಚ್ಚುವವರು ಇದನ್ನೂ ನೆನಪಿಡಬೇಕು. ಗಾಳಿ ತುಂಬಿಸಿದ ಮೇಲೆ ರೀಸೆಟ್ ಗುಂಡಿ ಒತ್ತದಿದ್ದರೆ ಹಳೆಯ ಲೆಕ್ಕವೇ ಮುಂದುವರಿಯುತ್ತದೆ. ಗಾಳಿ ತುಂಬಿಸದೆ ಒತ್ತಿದರೆ ಆ ಕೊರತೆಯನ್ನೇ ಸರಿಯೆಂದು ಕಲಿಯುತ್ತದೆ.

ಚಕ್ರದೊಳಗಿನ ಸೆನ್ಸರಿಗೂ ತನ್ನದೇ ಸ್ವಭಾವವಿದೆ. ಬ್ಯಾಟರಿ ಉಳಿಸಲು ಗಾಡಿ ನಿಂತಾಗ ಅದು ನಿದ್ದೆಗೆ ಜಾರುತ್ತದೆ, ಚಕ್ರ ಉರುಳಿದಾಗ ಎಚ್ಚರಗೊಂಡು ರೇಡಿಯೋ ಅಲೆಯಲ್ಲಿ ಸುದ್ದಿ ಕಳಿಸುತ್ತದೆ. ಬಂಕಿನಲ್ಲಿ ಗಾಳಿ ತುಂಬಿದ ತಕ್ಷಣ ದೀಪ ಆರದಿರುವುದು ಇದರಿಂದಲೇ. ಆರಲಿಲ್ಲವೆಂದು ಮತ್ತಷ್ಟು ತುಂಬಿಸಬಾರದು. ಕೆಲವು ನಿಮಿಷ ಓಡಿಸಿ ನೋಡಬೇಕು. ಆ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ, ಅಂಟಿನಲ್ಲಿ ಮುಳುಗಿಸಿ ಮುಚ್ಚಿರುವುದರಿಂದ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಬದಲಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ರಿಮ್ಮಿನಿಂದ ಟೈರು ಬಿಡಿಸುವಾಗ ವಾಲ್ವಿನ ಹಿಂದೆ ಸೆನ್ಸರ್ ಇದೆ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಯಂತ್ರದ ಅಲಗು ಅದನ್ನು ಮುರಿದುಬಿಡಬಹುದು. ದೀಪ ಸುಮಾರು ಒಂದು ನಿಮಿಷ ಮಿನುಗಿ ಆಮೇಲೆ ಸ್ಥಿರವಾಗಿ ಉರಿದರೆ ಸಾಮಾನ್ಯವಾಗಿ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ. ಮೊದಲಿಂದಲೂ ಸ್ಥಿರವಾಗಿದ್ದರೆ ಗಾಳಿ ಕಡಿಮೆ. ಇಷ್ಟು ಸರಳ ವ್ಯತ್ಯಾಸವನ್ನು ಕಾರು ಮಾರುವವರು ಕೀಲಿ ಕೊಡುವಾಗಲೇ ಹೇಳಿಕೊಡಬೇಕಿತ್ತು.

ಮುಂಜಾನೆಯ ದೀಪಕ್ಕೆ ಮಾಡಬೇಕಾದದ್ದು ಸುಲಭ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಒಂದು ಒಳ್ಳೆಯ ಕೈಮೀಟರ್ ಇಟ್ಟುಕೊಂಡು, ರಾತ್ರಿಯಿಡೀ ನಿಂತ ಟೈರನ್ನು ಬೆಳಿಗ್ಗೆ ಮನೆಯಂಗಳದಲ್ಲೇ ಅಳೆಯುವುದು. ಬಾಗಿಲ ಚೀಟಿಯ ಅಂಕಿಗೆ ಆ ಹೊತ್ತಿನಲ್ಲಿ ಸರಿಹೊಂದಿಸಿದರೆ ಡಿಸೆಂಬರ್, ಜನವರಿ ತಿಂಗಳಲ್ಲಿ ದೀಪದ ಕಾಟ ಬಹುಮಟ್ಟಿಗೆ ಇರುವುದಿಲ್ಲ. ಆಮೇಲೂ ದೀಪ ಹತ್ತಿದರೆ, ಅದರಲ್ಲೂ ಒಂದೇ ಚಕ್ರದ ಅಂಕಿ ಉಳಿದ ಮೂರಕ್ಕಿಂತ ಕೆಳಗಿದ್ದರೆ, ಅದು ಚಳಿಯ ಕೆಲಸವಲ್ಲ. ಚಳಿ ನಾಲ್ಕಕ್ಕೂ ಒಂದೇ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತ ಬಿಸಿಯೇರಿ ಒಳಗಿನ ಎಳೆಗಳು ಬಿಡುತ್ತವೆ. ಮುಂದಿನ ಚಕ್ರಗಳ ಮೇಲೆ ಹೆಚ್ಚಿನ ಭಾರ ಬೀಳುವ ಘಾಟಿ ಇಳಿಜಾರಿನಲ್ಲಿ ಅದನ್ನು ನಿರ್ಲಕ್ಷಿಸುವಂತಿಲ್ಲ.

ಇನ್ನೊಂದು ಸಂಗತಿ ಕೊಡಗಿನವರನ್ನು ನೇರವಾಗಿ ತಟ್ಟುವಂಥದು. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಇರುವ 3.5 ಟನ್‌ವರೆಗಿನ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ನಗರಕ್ಕೆ ಇದು ಒಪ್ಪಬಹುದು. ಆದರೆ ಕಿಟ್ಟಿನ ಅಂಟು ಮುಚ್ಚುವುದು ಟೈರಿನ ತಳಕ್ಕೆ ಮೊಳೆ ಚುಚ್ಚಿದ ಸಣ್ಣ ತೂತನ್ನು. ಮಳೆಗೆ ಕಿತ್ತುಬಂದ ರಸ್ತೆಯ ಚೂಪುಜಲ್ಲಿ ಪಕ್ಕದ ಗೋಡೆಯನ್ನು ಸೀಳಿದರೆ ಅಂಟೂ ನಿಲ್ಲುವುದಿಲ್ಲ, ದೀಪವೂ ಕಾಪಾಡುವುದಿಲ್ಲ. ಭಾಗಮಂಡಲದ ಆಚೆ, ಮೊಬೈಲ್ ಸಿಗ್ನಲ್ ಸಿಗದ ತೋಟದ ದಾರಿಗಳಲ್ಲಿ ಓಡಾಡುವವರು ಕಾರು ಕೊಳ್ಳುವಾಗ ಡಿಕ್ಕಿ ತೆರೆಸಿ ಸ್ಟೆಪ್ನಿ ಇದೆಯೇ ಎಂದು ನೋಡಬೇಕು. ಇದ್ದರೆ ಅದರ ಗಾಳಿಯನ್ನೂ ಕೈಮೀಟರಿನಲ್ಲೇ ಆಗಾಗ ಅಳೆಯಬೇಕು, ಏಕೆಂದರೆ ಬಹುತೇಕ ಕಾರುಗಳಲ್ಲಿ ಐದನೆಯ ಚಕ್ರಕ್ಕೆ ಸೆನ್ಸರ್ ಇರುವುದೇ ಇಲ್ಲ.